ಬೀಜ ಏನು ತಪ್ಪು ಮಾಡಿತ್ತು?

ಸುಬಾಬುಲ್ ಗಿಡವನ್ನು ಗಾಜಿನ ಬಾಟಲಿಯೊಳಗೆ ಹುಟ್ಟಿಸಿ ಬೀದರ್ ಜಿಲ್ಲೆಯ ಮೇವಿನ ಬರ ನೀಗಿಸ್ತೀವಿ ಅಂತ ಹೊರಟವರಿಗೆ ನನ್ನದು ಒಂದೇ ಪ್ರಶ್ನೆ. ಬೀಜ ಏನು ತಪ್ಪು ಮಾಡಿತ್ತು?

ತಮಾಷೆಗೆ ಕೇಳ್ತಿಲ್ಲ. ಇಂಥದೊಂದು ಪಿಪಿಟಿ ಒಬ್ಬರ ಇನ್‌ಬಾಕ್ಸಿನಿಂದ ಇನ್ನೊಬ್ಬರ ಇನ್‌ಬಾಕ್ಸಿಗೆ ಓಡಾಡ್ತಾ ನನ್ನ ತನಕವೂ ಬಂತು. ಯಾರದು ಅಂತ ಹೆಸರು ಬೇಡ, ಹೆಸರಿನಿಂದ ಆಗಬೇಕಾದ್ದೂ ಏನಿಲ್ಲ. ಮೊದಲ ಸ್ಲೈಡಿನಲ್ಲಿ ಬಿರುಕು ಬಿಟ್ಟ ಕೆರೆ. ಎರಡನೇದರಲ್ಲಿ ಎಲುಬು ಎಣಿಸಬಹುದಾದ ಹಸು. ಮೂರನೇದರಲ್ಲಿ ಬಿಳಿ ಕೋಟು ಹಾಕಿದ ಹುಡುಗಿ, ಕೈಯಲ್ಲಿ ಹಸಿರು ಚಿಗುರಿನ ಬಾಟಲಿ. ನಾಲ್ಕನೇದರಲ್ಲಿ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ನಕ್ಷೆ, ಅದರ ತುಂಬ ಹಸಿರು ಚುಕ್ಕೆ. ಐದನೇದರಲ್ಲಿ ಎಕ್ಸೆಲ್ ಲೆಕ್ಕ: ಒಂದು ಚಿಗುರು ತಿಂಗಳಿಗೆ ಮೂರಾದರೆ ಹನ್ನೆರಡು ತಿಂಗಳಿಗೆ 5,31,441 ಗಿಡ. ಕೊನೆಗೆ, ನಿಮ್ಮ ಕಂಪನಿಯ ಸಿಎಸ್‌ಆರ್ ದುಡ್ಡು ಎಲ್ಲಿಗೆ ಕಳಿಸಬೇಕು ಅನ್ನೋ ವಿವರ.

ಲೆಕ್ಕ ಸರಿಯಾಗೇ ಇದೆ. ಮೂರನ್ನು ಹನ್ನೆರಡು ಸಲ ಗುಣಿಸಿದರೆ ಅಷ್ಟೇ ಬರುತ್ತೆ. ಆದರೆ ಹಸುವಿಗೂ ಬಾಟಲಿಗೂ ನಡುವೆ ಇರೋ ಹೊಲ, ಬೇಲಿ, ಆಡು, ಗಾಯರಾಣ, ಪಹಣಿ, ಪಂಚಾಯಿತಿ ಯಾವುದೂ ಆ ಸ್ಲೈಡುಗಳಲ್ಲಿ ಇಲ್ಲ. ಆರನೇ ಸ್ಲೈಡು ಬೇಕಿತ್ತು. ಅದನ್ನು ಇಲ್ಲಿ ಬರೀತಿದ್ದೀನಿ.

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡೋಣ. ಮೇವಿನ ಕೊರತೆ ನಿಜ. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ ತನ್ನ ‘ವಿಷನ್ 2050’ ದಾಖಲೆಯಲ್ಲಿ ದೇಶದ ಹಸಿಮೇವಿನ ಕೊರತೆ ಶೇ 35.6, ಒಣಮೇವಿನದು ಶೇ 10.95 ಅಂತ ಹೇಳಿದೆ. ಬೀದರ್ ಕಡೆ ಇದರ ಮೇಲೆ ಇನ್ನೊಂದು ಪೆಟ್ಟು ಬಿದ್ದಿದೆ. ಮುಂಗಾರಿಗೆ ಜೋಳ ಬಿತ್ತುತ್ತಿದ್ದ ಹೊಲಗಳಿಗೆ ಸೋಯಾ ಬಂತು. ಜೋಳ ಅಂದರೆ ಮನುಷ್ಯನಿಗೆ ತೆನೆ, ದನಕ್ಕೆ ಕಣಕಿ. ಒಂದೇ ಬೆಳೆಯಲ್ಲಿ ಎರಡು ಹೊಟ್ಟೆ ತುಂಬುತ್ತಿತ್ತು. ಸೋಯಾ ಬೆಳೆದವನ ಕೈಗೆ ರೊಕ್ಕ ಸಿಗುತ್ತೆ, ನಿಜ. ಆದರೆ ಅದರ ಒಣ ಕಡ್ಡಿ ಕಂಡರೆ ಎತ್ತು ಮೂತಿ ತಿರುಗಿಸುತ್ತೆ. ಬಣವಿ ಚಿಕ್ಕದಾಯ್ತು. ಮಾರ್ಚ್ ದಾಟಿದ ಮೇಲೆ ಕಬ್ಬಿನ ಸೋಗೆ ಹುಡುಕಿಕೊಂಡು ಟ್ರ್ಯಾಕ್ಟರ್ ಓಡಿಸೋದು ಶುರು.

ಈ ನೆಲದ ತಳಿ ದೇವಣಿ. ಹೆಸರು ಬಂದಿದ್ದು ಗಡಿಯಾಚೆ ಲಾತೂರ್ ಜಿಲ್ಲೆಯ ದೇವಣಿಯಿಂದ. ತಳಿಗೆ ಮಾತ್ರ ರಾಜ್ಯದ ಗಡಿ ಗೊತ್ತಿಲ್ಲ. ನೇಗಿಲಿಗೆ ಎತ್ತು, ಮನೆಗೆ ಹಾಲು, ಎರಡಕ್ಕೂ ಒದಗುವ ದನ. ಬೀದರ್‌ನ ಪಶು ವೈದ್ಯಕೀಯ ವಿಶ್ವವಿದ್ಯಾಲಯ ಇದಕ್ಕೆಂದೇ ಹಳ್ಳಿಖೇಡ ಕಡೆಯ ಕಟ್ಟಿತೂಗಾಂವ್‌ನಲ್ಲಿ ಒಂದು ಕೇಂದ್ರ ನಡೆಸುತ್ತೆ. 2016ರ ಏಪ್ರಿಲ್‌ನಲ್ಲಿ ಪಕ್ಕದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯೋ ನೀರು ತಂದದ್ದು ನಿಮಗೆಲ್ಲ ನೆನಪಿರಬಹುದು, ಟಿವಿಯಲ್ಲಿ ದಿನವಿಡೀ ತೋರಿಸಿದರು. ಮನುಷ್ಯರಿಗೇ ನೀರು ರೈಲಿನಲ್ಲಿ ಬಂದ ವರ್ಷ ದನಕ್ಕೆ ಮೇವು ಎಲ್ಲಿಂದ ಬರಬೇಕಿತ್ತು ಅಂತ ಯಾವ ಚಾನೆಲ್ಲೂ ಕೇಳಲಿಲ್ಲ. ಇಂಥ ವರ್ಷ ರೈತ ಮೊದಲು ಮಾರೋದು ಮುದಿ ದನ, ಆಮೇಲೆ ಹಸು, ಕೊನೆಗೆ ಜೋಡೆತ್ತು. ಮಳೆ ಬಂದ ಮೇಲೆ ಅದೇ ಜೋಡಿಯನ್ನು ಕೊಂಡ ಬೆಲೆಯ ಹತ್ತಿರಕ್ಕೂ ಬರದ ದುಡ್ಡು ಅವನ ಕೈಲಿರುತ್ತೆ. ಒಮ್ಮೆ ಎತ್ತು ಕಳೆದುಕೊಂಡ ಸಣ್ಣ ಹಿಡುವಳಿದಾರ ಮತ್ತೆ ಎತ್ತು ಕಟ್ಟೋದು ಅಪರೂಪ. ಬಾಡಿಗೆ ಟ್ರ್ಯಾಕ್ಟರಿಗೆ ಕಾಯ್ತಾ ಹದ ತಪ್ಪಿಸಿಕೊಳ್ತಾನೆ. ಬಸವ ಅಂದರೇ ಎತ್ತು. ಊರಿನ ಹೆಸರಲ್ಲೇ ಎತ್ತು ಇರೋ ಕಡೆ ಕೊಟ್ಟಿಗೆ ಖಾಲಿ ಆಗ್ತಿದೆ. ಪಣಕ್ಕೆ ಬಿದ್ದಿರೋದು ಇದು.

ಹಾಗಾಗಿ ಮೇವಿನ ಮರ ಬೇಕು ಅನ್ನೋದರಲ್ಲಿ ನನಗೆ ತಕರಾರಿಲ್ಲ. ಹುಲ್ಲು ಒಣಗಿದ ಮೇಲೂ ಮರ ಹಸಿರಾಗಿರುತ್ತೆ, ಬೇರು ಆಳಕ್ಕೆ ಹೋಗಿರುತ್ತೆ. ಸುಬಾಬುಲ್ ಎಲೆಯ ಒಣತೂಕದಲ್ಲಿ ಶೇ 20ಕ್ಕಿಂತ ಹೆಚ್ಚು ಪ್ರೋಟೀನ್. ದ್ವಿದಳ ಜಾತಿ ಆದ್ದರಿಂದ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತೆ. ಕಡಿದಷ್ಟೂ ಚಿಗುರುತ್ತೆ. ಮೆಕ್ಸಿಕೋ ಕಡೆಯ ಮರ; ಸ್ಪೇನಿನವರ ಹಡಗಿನಲ್ಲಿ ಫಿಲಿಪೀನ್ಸ್ ತಲುಪಿತು, ಅಲ್ಲಿಂದ ಏಷ್ಯಾ ಪೂರ್ತಿ ಹರಡಿತು. ನಮ್ಮಲ್ಲಿ 1970ರ ದಶಕದಲ್ಲಿ ಇದರ ಎತ್ತರದ ತಳಿಗಳನ್ನು ಹಳ್ಳಿಗೆ ಒಯ್ದವರಲ್ಲಿ ಮುಖ್ಯರು ಪುಣೆ ಹತ್ತಿರದ ಉರುಳಿ ಕಾಂಚನದಲ್ಲಿ ಬೈಫ್ ಸಂಸ್ಥೆ ಕಟ್ಟಿದ ಮಣಿಭಾಯಿ ದೇಸಾಯಿ. ಅವರು ಬಾಟಲಿ ಹಂಚಲಿಲ್ಲ, ಬೀಜ ಮತ್ತು ಸಸಿ ಹಂಚಿದರು.

ಈಗ ಟಿಶ್ಯೂ ಕಲ್ಚರ್ ಅಂದರೆ ಏನು ಅಂತ ನೋಡಿ. ಒಳ್ಳೆಯ ಮರದ ಎಳೆಯ ಕೊಂಬೆಯಿಂದ ಒಂದು ಕಣ್ಣು ಇರೋ ತುಂಡು ಕತ್ತರಿಸ್ತಾರೆ. ಔಷಧದಲ್ಲಿ ತೊಳೆದು ಅದರ ಮೈಮೇಲಿನ ಬೂಷ್ಟು, ಬ್ಯಾಕ್ಟೀರಿಯ ಎಲ್ಲ ಸಾಯಿಸ್ತಾರೆ. 121 ಡಿಗ್ರಿಯ ಹಬೆಯಲ್ಲಿ ಬೇಯಿಸಿದ ಅಗರ್ ಪಾಕದ ಮೇಲೆ ಅದನ್ನು ನಿಲ್ಲಿಸ್ತಾರೆ. ಪಾಕದಲ್ಲಿ ಲವಣ, ಸಕ್ಕರೆ, ಜೀವಸತ್ವ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಹೊಗೆಸೊಪ್ಪಿನ ಅಂಗಾಂಶಕ್ಕೆಂದು ಸಿದ್ಧಪಡಿಸಿದ ಪಾಕವಿಧಾನವೇ ಇವತ್ತಿಗೂ ಹೆಚ್ಚಿನ ಲ್ಯಾಬುಗಳಲ್ಲಿ ಮೂಲ. ಸೈಟೊಕೈನಿನ್ ಅನ್ನೋ ಹಾರ್ಮೋನು ಕೊಟ್ಟರೆ ಒಂದು ಕಣ್ಣಿನಿಂದ ಹಲವು ಚಿಗುರು, ಆಕ್ಸಿನ್ ಕೊಟ್ಟರೆ ಬೇರು. 25 ಡಿಗ್ರಿ ಆಸುಪಾಸಿನ ಎಸಿ ಕೋಣೆ, ದಿನಕ್ಕೆ 16 ಗಂಟೆ ಟ್ಯೂಬ್‌ಲೈಟ್ ಬೆಳಕು. ನಾಲ್ಕೈದು ವಾರಕ್ಕೊಮ್ಮೆ ಚಿಗುರು ಬಿಡಿಸಿ ಹೊಸ ಬಾಟಲಿಗೆ.

ಅಲ್ಲಿವರೆಗೂ ಗಿಡ ಅರಮನೆಯ ಕೂಸು. ಬಾಟಲಿಯ ಒಳಗೆ ತೇವ ತುಂಬಿರೋದರಿಂದ ಎಲೆಯ ಮೇಲೆ ಮೇಣದ ಪದರ ಸರಿಯಾಗಿ ಕಟ್ಟೋದಿಲ್ಲ, ಎಲೆಯ ರಂಧ್ರಗಳಿಗೆ ಮುಚ್ಚಿಕೊಳ್ಳೋದೇ ಗೊತ್ತಿರೋದಿಲ್ಲ. ಹೊರಗೆ ತಂದ ದಿನವೇ ಬಾಡಿ ಬೀಳುತ್ತೆ. ಅದಕ್ಕೇ ಮಂಜು ಹಾಯಿಸೋ ಕೋಣೆಯಲ್ಲಿ, ಆಮೇಲೆ ನೆರಳುಬಲೆಯಲ್ಲಿ ವಾರಗಟ್ಟಲೆ ಹದಮಾಡಬೇಕು. ಬೇರಿಗೆ ರೈಜೋಬಿಯಂ ಪರಿಚಯವೂ ಇರೋದಿಲ್ಲ, ಯಾಕೆಂದರೆ ಬಾಟಲಿಯಲ್ಲಿ ಬ್ಯಾಕ್ಟೀರಿಯ ಬಂದರೆ ಆ ಬಾಟಲಿ ಕಸಕ್ಕೆ. ಹೊರಬಂದ ಮೇಲೆ ಬೇರೆಯಾಗಿ ಹಚ್ಚಬೇಕು. ಇಷ್ಟೆಲ್ಲ ಆದ ಗಿಡವನ್ನು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಕೆಳಗೆ ಜಂಬಿಟ್ಟಿಗೆಯೋ ಬಿರುಕು ಬಿಡೋ ಎರೆಯೋ ಇರೋ ಹೊಲಕ್ಕೆ ಇಳಿಸಬೇಕು.

ಇದು ಅಸಾಧ್ಯ ಅಂತ ನಾನು ಹೇಳ್ತಿಲ್ಲ. ಸಾಧ್ಯ ಅಂತ ತೋರಿಸಿ ನಲವತ್ತು ವರ್ಷ ಆಯ್ತು. 1985ರಲ್ಲೇ ದಿಲ್ಲಿ ವಿಶ್ವವಿದ್ಯಾಲಯದ ಧವನ್ ಮತ್ತು ಭೋಜವಾನಿ ಸುಬಾಬುಲ್ ಅನ್ನು ಹೀಗೆ ಬೆಳೆಸಿ ಪ್ರಕಟಿಸಿದರು. ಅದೇ ವರ್ಷ ಅಮೆರಿಕದ ಟೆಕ್ಸಾಸ್‌ನಿಂದಲೂ ಕೆ-67 ತಳಿಯ ಕಣ್ಣಿನಿಂದ ಗಿಡ ಮಾಡಿದ ವರದಿ ಬಂತು. ಅದಕ್ಕೂ ಒಂದು ವರ್ಷ ಮೊದಲು, 1984ರಲ್ಲಿ, ಜೋಧಪುರದಲ್ಲಿ ನಮ್ಮ ಬನ್ನಿ ಮರವನ್ನೇ ಬಾಟಲಿಗೆ ಇಳಿಸಿದ್ದರು. ಅಂದರೆ ಪಿಪಿಟಿಯಲ್ಲಿ ‘ಭವಿಷ್ಯದ ತಂತ್ರಜ್ಞಾನ’ ಅಂತ ಬರೆದಿರೋದು ರಾಜೀವ್ ಗಾಂಧಿ ಪ್ರಧಾನಿಯಾಗಿದ್ದ ಕಾಲದ್ದು. ಗಿಡ ಮಾಡೋಕೆ ಬರೋದು ಇಷ್ಟು ಹಳೆಯದಾದರೆ ಸುಬಾಬುಲ್ ಈಗಲೂ ಬೀಜದಿಂದಲೇ ಯಾಕೆ ಬೆಳೀತಿದೆ? ರೈತ ಹಿಂದುಳಿದಿದ್ದಕ್ಕಾ? ಅಲ್ಲ. ಅವನಿಗೆ ಲೆಕ್ಕ ಬರುತ್ತೆ, ಅದಕ್ಕೆ.

ಆ ಲೆಕ್ಕ ನಾವೂ ಮಾಡೋಣ. ಒಂದು ಎಕರೆ ಅಂದರೆ ಹೆಚ್ಚುಕಮ್ಮಿ 4,000 ಚದರ ಮೀಟರ್. ಸಾಲಿನಿಂದ ಸಾಲಿಗೆ ಎರಡು ಮೀಟರ್, ಗಿಡದಿಂದ ಗಿಡಕ್ಕೆ ಅರ್ಧ ಮೀಟರ್ ಇಟ್ಟರೆ ಎಕರೆಗೆ 4,000 ಗಿಡ. ಟಿಶ್ಯೂ ಕಲ್ಚರ್ ಗಿಡಕ್ಕೆ, ಬಾಳೆಯ ಸಸಿಗೆ ಕೊಡೋ ಹಾಗೆ, 15 ರೂಪಾಯಿ ಅಂತ ಹಿಡಿಯಿರಿ: 60,000 ರೂಪಾಯಿ. ಬೀಜದ ಲೆಕ್ಕ? ಕಿಲೋ ಸುಬಾಬುಲ್ ಬೀಜದಲ್ಲಿ ಸುಮಾರು 20 ಸಾವಿರ ಕಾಳು. ಒಂದೊಂದು ಗುಣಿಗೆ ಮೂರು ಕಾಳು ಹಾಕಿದರೂ 12 ಸಾವಿರ. ಕಿಲೋ ಚೀಲದಲ್ಲಿ ಇನ್ನೂ ಉಳಿಯುತ್ತೆ. ಬೀಜದ ಸಿಪ್ಪೆ ಗಟ್ಟಿ, ಅದಕ್ಕೆ 80 ಡಿಗ್ರಿ ಬಿಸಿನೀರಲ್ಲಿ ಎರಡು ಮೂರು ನಿಮಿಷ ಅದ್ದಿ, ಆಮೇಲೆ ತಣ್ಣೀರಲ್ಲಿ ರಾತ್ರಿಯಿಡೀ ನೆನೆಹಾಕಬೇಕು. ಬೇಕಾದ್ದು ಒಂದು ಪಾತ್ರೆ, ಒಂದು ಒಲೆ. ರೈಜೋಬಿಯಂ ಬೇಕಾ? ಹಳೇ ಸುಬಾಬುಲ್ ಮರದ ಬುಡದಿಂದ ಒಂದು ಬುಟ್ಟಿ ಮಣ್ಣು ತಂದು ನರ್ಸರಿ ಮಣ್ಣಿಗೆ ಬೆರೆಸಿ.

‘ಆದರೆ ಬೀಜದ ಗಿಡ ತಾಯಿಯಂತೆ ಇರೋದಿಲ್ಲ, ಕ್ಲೋನ್ ಆದರೆ ಎಲ್ಲವೂ ಒಂದೇ ಸಮ’ ಅಂತ ಉತ್ತರ ಬರುತ್ತೆ. ಮಾವಿಗೆ ಈ ಮಾತು ನಿಜ. ಸುಬಾಬುಲ್‌ಗೆ ಅಲ್ಲ. ನಾವು ಮೇವಿಗೆ ಬೆಳೆಯೋ ಸುಬಾಬುಲ್ ಬಹುಪಾಲು ಸ್ವಪರಾಗಸ್ಪರ್ಶದ ಮರ. ತನ್ನ ಹೂವಿನ ಪರಾಗದಿಂದಲೇ ಬೀಜ ಕಟ್ಟುತ್ತೆ. ಮಗು ತಾಯಿಯ ಅಚ್ಚೇ. ಪ್ರಕೃತಿಯೇ ಪುಕ್ಕಟೆ ಮಾಡಿಕೊಡ್ತಿರೋ ಜೆರಾಕ್ಸ್‌ಗೆ ನಾವು ಎಸಿ ಹಾಕಿ, ಜನರೇಟರ್ ಇಟ್ಟು, 15 ರೂಪಾಯಿ ಬಿಲ್ ಮಾಡ್ತೀವಿ ಅಂದರೆ ಗುಬ್ಬಿಗೆ ಬ್ರಹ್ಮಾಸ್ತ್ರ ಅನ್ನೋದು ಇದಕ್ಕೇ.

ಬಾಳೆಗೆ ಯಾಕೆ ಲ್ಯಾಬು ಸರಿ? ನಾವು ತಿನ್ನೋ ಬಾಳೆಗೆ ಬೀಜವೇ ಇಲ್ಲ. ಕಂದು ಕಿತ್ತು ನೆಟ್ಟರೆ ಅದರ ಜೊತೆ ರೋಗ, ಜಂತುಹುಳವೂ ಹೊಸ ತೋಟಕ್ಕೆ ಬರುತ್ತೆ. ಲ್ಯಾಬಿನ ಜಿ-9 ಸಸಿ ಒಂದೇ ಸಲಕ್ಕೆ ಗೊನೆ ಹಾಕುತ್ತೆ, ಲಾರಿ ಲೋಡು ಒಂದೇ ವಾರ ಸಿಗುತ್ತೆ, ಸಸಿಗೆ ಹಾಕಿದ ದುಡ್ಡು ವರ್ಷದೊಳಗೆ ಮರಳುತ್ತೆ. ಅಲ್ಲಿ ತಂತ್ರಜ್ಞಾನ ಒಂದು ನಿಜವಾದ ತೊಡಕು ಬಿಡಿಸಿದೆ. ತೇಗಕ್ಕೆ 1980ರ ಹೊತ್ತಿಗೇ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಈ ಕೆಲಸ ಮಾಡಿತ್ತು. ಒಂದು ಮರ ಹತ್ತಾರು ವರ್ಷ ನಿಂತು ನಾಟಾ ಕೊಡೋ ಕಡೆ ಒಳ್ಳೆ ತಾಯಿಮರದ ಪ್ರತಿಗೆ ಬೆಲೆ ಇದೆ. ಮೇವಿನ ಗಿಡದ ಕಥೆ ಬೇರೆ. ಅದು ಮಾರುಕಟ್ಟೆಗೆ ಹೋಗೋದಿಲ್ಲ, ದನದ ಬಾಯಿಗೆ ಹೋಗುತ್ತೆ. ಅದರ ಮೇಲೆ ಹಾಕಿದ ಒಂದೊಂದು ರೂಪಾಯಿಯೂ ಹಾಲಿನಲ್ಲೋ ಉಳುಮೆಯಲ್ಲೋ ವಾಪಸ್ ಬರಬೇಕು. ಅದಕ್ಕೇ ಮೇವಿನ ಗಿಡ ಅಗ್ಗವಾಗಿರಬೇಕು. ಮೇವಿನ ಅರ್ಥಶಾಸ್ತ್ರದ ಮೊದಲನೇ ಪಾಠ ಇಷ್ಟೇ.

‘ಎಲ್ಲವೂ ಒಂದೇ ಸಮ’ ಅನ್ನೋದನ್ನು ಒಂದು ಗುಣ ಅಂತ ಮಾರೋರಿಗೆ 1980ರ ದಶಕದ ಇನ್ನೊಂದು ಕಥೆ ಹೇಳಬೇಕು. ಆಗ ಏಷ್ಯಾದ ಬಹಳಷ್ಟು ಕಡೆ ನೆಟ್ಟ ಎತ್ತರದ ಸುಬಾಬುಲ್ ಬೆರಳೆಣಿಕೆಯ ತಳಿಗಳದ್ದು, ಎಲ್ಲವೂ ಹತ್ತಿರದ ಸಂಬಂಧಿಗಳು. ಒಂದು ಸಣ್ಣ ಹಾರುಹೇನು, ಸಿಲಿಡ್ ಅಂತಾರೆ, 1984ರಲ್ಲಿ ಹವಾಯಿಯಲ್ಲಿ ಕಾಣಿಸಿಕೊಂಡಿತು. ಫಿಲಿಪೀನ್ಸ್, ಇಂಡೋನೇಷ್ಯಾ ದಾಟಿ 1988ಕ್ಕೆ ದಕ್ಷಿಣ ಭಾರತಕ್ಕೂ ಬಂತು. ಎಳೆ ಚಿಗುರಿನ ರಸ ಹೀರುತ್ತೆ, ಚಿಗುರು ಮುರುಟಿ ಉದುರುತ್ತೆ. ದನ ತಿನ್ನೋದೂ ಅದೇ ಚಿಗುರನ್ನು. ಒಂದು ಮರಕ್ಕೆ ರುಚಿಸಿದ ಹುಳಕ್ಕೆ ಎಲ್ಲ ಮರವೂ ರುಚಿಸಿತು. ಬೀಜದ ಗಿಡಗಳಲ್ಲೇ ಹೀಗಾದರೆ, ಒಂದೇ ತಾಯಿಯ 5,31,441 ಕ್ಲೋನುಗಳನ್ನು ಎರಡು ತಾಲ್ಲೂಕಿಗೆ ಹಂಚಿದ ಮೇಲೆ ಬರೋ ಹುಳಕ್ಕೆ ನಾವು ಬಡಿಸಿಟ್ಟ ಎಲೆ ಎಷ್ಟು ದೊಡ್ಡದು ಯೋಚನೆ ಮಾಡಿ. ಸಾಫ್ಟ್‌ವೇರಿನವರಿಗೆ ಇದನ್ನು ವಿವರಿಸೋ ಅಗತ್ಯ ಇರಬಾರದು. ಎಲ್ಲ ಸರ್ವರಿಗೂ ಒಂದೇ ಪಾಸ್‌ವರ್ಡ್ ಇಟ್ಟಂಗೆ.

ಇನ್ನು ಪಿಪಿಟಿಯಲ್ಲಿ ಸಣ್ಣಕ್ಷರದಲ್ಲೂ ಇಲ್ಲದ ಮಾತು: ಸುಬಾಬುಲ್ ಎಲೆಯಲ್ಲಿ ಮಿಮೊಸಿನ್ ಅನ್ನೋ ವಸ್ತು ಇದೆ. ಬರೀ ಅದನ್ನೇ ತಿನ್ನಿಸಿದರೆ ಕೂದಲು ಉದುರುತ್ತೆ, ಥೈರಾಯ್ಡ್ ಊದಿಕೊಳ್ಳುತ್ತೆ. ಹವಾಯಿಯ ಆಡುಗಳ ಹೊಟ್ಟೆಯಲ್ಲಿ ಇದನ್ನು ಕರಗಿಸೋ ಬ್ಯಾಕ್ಟೀರಿಯ ಇದೆ ಅಂತ ಆಸ್ಟ್ರೇಲಿಯಾದ ರೇಮಂಡ್ ಜೋನ್ಸ್ ಕಂಡುಕೊಂಡರು, ಅದಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ರೈತರಿಗೆ ಸರಳ ಸೂತ್ರ ಗೊತ್ತು: ಒಟ್ಟು ಮೇವಿನಲ್ಲಿ ಮೂರನೇ ಒಂದು ಪಾಲು ಮೀರಬಾರದು, ಉಳಿದದ್ದು ಕಣಕಿ, ಹುಲ್ಲು. ಅಂದರೆ ಸುಬಾಬುಲ್ ಊಟ ಅಲ್ಲ, ಉಪ್ಪಿನಕಾಯಿ. ಊಟವೇ ಇಲ್ಲದ ಎಲೆಗೆ ಉಪ್ಪಿನಕಾಯಿ ಬಡಿಸಿ ಏನು ಪ್ರಯೋಜನ? ಜೋಳದ ಕಣಕಿ ವಾಪಸ್ ಬರದೆ ಯಾವ ಮರವೂ ಒಂದೇ ಬೀದರ್‌ನ ಬಣವಿ ತುಂಬಿಸೋದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಾನು ಲ್ಯಾಬಿನ ವೈರಿ ಅಂತ ಅಂದುಕೊಳ್ಳಬೇಡಿ. ಲ್ಯಾಬಿಗೆ ಸರಿಯಾದ ಕೆಲಸ ಕೊಡಿ ಅಂತಿದ್ದೀನಿ. ಎರಡು ಕೆಲಸ ಇವೆ.

ಒಂದು, ಬೀಜ ಕಟ್ಟದ ಸುಬಾಬುಲ್. ಈ ಮರಕ್ಕೆ ಒಂದು ಕೆಟ್ಟ ಚಾಳಿ ಇದೆ: ಬೀಜ ಸಿಡಿಸಿ ಎಲ್ಲೆಂದರಲ್ಲಿ ಹುಟ್ಟುತ್ತೆ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಐಯುಸಿಎನ್ ಪಟ್ಟಿಯಲ್ಲಿ ಇದರ ಹೆಸರೂ ಇದೆ. ಬಳ್ಳಾರಿ ಜಾಲಿಯನ್ನು ಒಳ್ಳೆ ಮನಸ್ಸಿನಿಂದಲೇ ತಂದು ಈಗ ಕೆರೆ ಅಂಗಳಗಳಲ್ಲಿ ಅದನ್ನು ಕೀಳಲಾಗದೆ ಒದ್ದಾಡ್ತಿರೋ ನಮಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ಹವಾಯಿ ವಿಶ್ವವಿದ್ಯಾಲಯದ ಜೇಮ್ಸ್ ಬ್ರೂಬೇಕರ್ ತಂಡ ಎರಡು ಪ್ರಭೇದ ಬೆರೆಸಿ ಬೀಜವೇ ಕಟ್ಟದ ಕೆಎಕ್ಸ್-4 ಅನ್ನೋ ತಳಿ ಮಾಡಿತು. ಅಂಥ ಮರವನ್ನು ಹೆಚ್ಚಿಸೋಕೆ ಬೀಜ ಇಲ್ಲ. ಕಡ್ಡಿಯೋ, ಕಸಿಯೋ, ಬಾಟಲಿಯೋ ಬೇಕೇ ಬೇಕು. ಅಲ್ಲಿ ಟಿಶ್ಯೂ ಕಲ್ಚರ್‌ಗೆ ಖರ್ಚು ಮಾಡಿದರೆ ಅದಕ್ಕೊಂದು ಅರ್ಥ ಇದೆ. ರೈತ ಕೊಡೋ 15 ರೂಪಾಯಿಗೆ ಪಕ್ಕದ ಹೊಲದವನ ಜೊತೆ ಜಗಳ ಇಲ್ಲದ ಗಿಡ ಸಿಗುತ್ತೆ. ಬೀದರ್‌ಗೆ ಬಂದ ಪಿಪಿಟಿಯಲ್ಲಿ ಇಂಥ ತಳಿಯ ಹೆಸರು ಹುಡುಕಿದೆ. ‘ಎಲೈಟ್ ಮದರ್ ಪ್ಲಾಂಟ್’ ಅಂತಷ್ಟೇ ಇತ್ತು. ಯಾವ ತಾಯಿ, ಯಾವ ಊರಿನವಳು, ಏನು ವಿಶೇಷ ಅಂತ ಒಂದು ಸಾಲೂ ಇಲ್ಲ.

ಎರಡು, ನಮ್ಮದೇ ಹಳೇ ಮರಗಳು. ದಸರೆಗೆ ಎಲೆ ಹಂಚಿ ಬಂಗಾರ ಅಂತ ಕೈಗೆ ಕೊಡ್ತೀವಲ್ಲ, ಆ ಬನ್ನಿ ರಾಜಸ್ಥಾನದಲ್ಲಿ ಒಂಟೆ, ಆಡು, ದನಗಳ ಬರಗಾಲದ ಬುತ್ತಿ. ಇಲ್ಲಿ ನಾವು ಅದನ್ನು ವರ್ಷಕ್ಕೊಂದು ದಿನ ಪೂಜೆ ಮಾಡಿ 364 ದಿನ ಮರೀತೀವಿ. ಇದು ಪರಕೀಯ ಪರಾಗಸ್ಪರ್ಶದ ಮರ, ಬೀಜದಿಂದ ಬಂದ ಮಗು ತಾಯಿಯ ಹಾಗೇ ಇರುತ್ತೆ ಅನ್ನೋ ಖಾತ್ರಿ ಇಲ್ಲ. ಮುಳ್ಳು ಕಡಿಮೆ, ಎಲೆ ಜಾಸ್ತಿ ಇರೋ ಮರ ಸಿಕ್ಕರೆ ಅದರ ಪ್ರತಿ ಮಾಡೋದಕ್ಕೆ ಕಾರಣ ಇದೆ. ಆದರೆ ಅದಕ್ಕೂ ಬಾಟಲಿಯೇ ಆಗಬೇಕಿಲ್ಲ. ಬಿಕಾನೇರಿನ ಕೇಂದ್ರೀಯ ಸಂಸ್ಥೆ ‘ಥಾರ್ ಶೋಭಾ’ ಅನ್ನೋ ಬನ್ನಿ ತಳಿಯನ್ನು ಕಣ್ಣುಕಸಿಯಿಂದ ಹಂಚಿದೆ. ಕಸಿ ಚಾಕು ಹಿಡಿಯೋಕೆ ಬರೋ ಹತ್ತು ಹುಡುಗರಿದ್ದರೆ ಸಾಕು. ಮಾವಿಗೆ ಕಸಿ ಕಟ್ಟೋರು ನಮ್ಮ ತೋಟಗಾರಿಕೆ ನರ್ಸರಿಗಳಲ್ಲಿ ಈಗಲೂ ಇದ್ದಾರೆ. ಅವರ ದಿನಗೂಲಿ ಒಂದು ಲ್ಯಾಬಿನ ಕರೆಂಟು ಬಿಲ್ಲಿಗಿಂತ ಹೆಚ್ಚಾಗಲಾರದು.

ಈಗ ಬೇಲಿಯ ಮಾತು. ಗಿಡ ಬಾಟಲಿಯಿಂದ ಬರಲಿ, ಬೀಜದಿಂದ ಬರಲಿ, ಮೊದಲ ಕೆಲವು ತಿಂಗಳು ಸುಬಾಬುಲ್ ಮೇಲೇಳೋದು ನಿಧಾನ. ಕಳೆ ಅದುಮುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಆಡಿಗೆ ಅದೆಂದರೆ ಪ್ರಾಣ. ಬಸವಕಲ್ಯಾಣದ ರೈತನ ಹತ್ತಿರ ಹೋಗಿ ನೋಡಿ, ಅವನು ತಳಿ ಯಾವುದು ಅಂತ ಕೇಳೋದಿಲ್ಲ. ‘ಅದೆಲ್ಲ ಖರೆ ಅದರಿ, ಆಡು ಬಂದ್ರ ಯಾರ್ ಕಾಯ್ತಾರ?’ ಅಂತಾನೆ. ಆ ಪ್ರಶ್ನೆಗೆ ಉತ್ತರ ಯಾವ ಲ್ಯಾಬಿನಲ್ಲೂ ಇಲ್ಲ. ಸ್ವಂತ ಹೊಲದ ಬದುವಾದರೆ ಅವನೇ ಕಾಯ್ತಾನೆ. ಎರಡು ಎಕರೆಯವನಿಗೆ ಬದುವೇ ಎಷ್ಟಿರುತ್ತೆ? ಜಮೀನೇ ಇಲ್ಲದ, ನಾಲ್ಕು ಆಡು ಒಂದು ಎಮ್ಮೆ ಕಟ್ಟಿಕೊಂಡು ಬದುಕೋ ಹೆಂಗಸಿಗೆ ಬದು ಎಲ್ಲಿಂದ ತರೋದು?

ಅವಳ ಹೊಲ ಗಾಯರಾಣ. ದಕ್ಷಿಣದವರು ಗೋಮಾಳ ಅಂತೀರಿ, ನಿಜಾಮರ ಆಳ್ವಿಕೆ ಕಂಡ ನಮ್ಮ ಕಡೆ ಪಹಣಿಯಲ್ಲೂ ಬಾಯಲ್ಲೂ ಗಾಯರಾಣ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ಊರಿನ ಪ್ರತಿ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಪುಕ್ಕಟೆ ಮೇವಿಗೆ ಬಿಡಬೇಕು. ಈ ನಿಯಮ ಪುಸ್ತಕದಲ್ಲಿ ಈಗಲೂ ಇದೆ. ನೆಲದ ಮೇಲೆ ಏನಾಗಿದೆ ಅಂತ ನೋಡೋಕೆ ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ ಹೋಗಿ. ಗಾಯರಾಣ ಎಲ್ಲಿ ಅಂತ ಕೇಳಿ. ಒಬ್ಬರು ಕಟ್ಟಡ ತೋರಿಸ್ತಾರೆ, ಒಬ್ಬರು ಕಲ್ಲು ಕ್ವಾರಿ ತೋರಿಸ್ತಾರೆ, ಒಬ್ಬರು ನಗ್ತಾರೆ. ಊರೊಟ್ಟಿನ ಜಾಗ ಒತ್ತುವರಿ ಮಾಡಿದವರನ್ನು ತೆರವು ಮಾಡಿಸಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅದಾದ ಮೇಲೂ ನಮ್ಮ ಜಾಣತನ ಏನೆಂದರೆ, ದನದ ಜಾಗ ಹೋದದ್ದನ್ನು ಬಿಟ್ಟು ದನದ ಗಿಡ ಸುಧಾರಿಸ್ತೀವಿ.

ಕರ್ನಾಟಕದ ಹಳ್ಳಿಗಳು ಈ ಪಾಠವನ್ನು ಬಹಳ ಹಿಂದೆಯೇ ಕಲಿಸಿದ್ದವು. 1984ರಲ್ಲಿ ಸರ್ಕಾರ ಒಂದು ಖಾಸಗಿ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಕಂಪನಿ ಮಾಡಿ, ಜನ ದನ ಮೇಯಿಸ್ತಿದ್ದ, ಸೌದೆ ತರ್ತಿದ್ದ ಸುಮಾರು 75,000 ಎಕರೆ ಜಾಗವನ್ನು ನೀಲಗಿರಿಗೆ ಕೊಡಲು ಹೊರಟಿತು. ‘ಬರಡು ಭೂಮಿ ಹಸಿರು ಮಾಡ್ತೀವಿ’ ಅನ್ನೋದೇ ಆಗಿನ ಪಿಪಿಟಿ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿಗಳನ್ನು ಸಂಘಟಿಸಿತು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಒಬ್ಬರಾದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸಾಂಕೇತಿಕವಾಗಿ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಆ ಸತ್ಯಾಗ್ರಹದ ಹೆಸರೇ ‘ಕಿತ್ತಿಕೋ ಹಚ್ಚಿಕೋ’. ಕಂಪನಿ 1991ರಲ್ಲಿ ಬಾಗಿಲು ಹಾಕಿತು. ಆ ಜನ ನೀಲಗಿರಿಯ ಸಸ್ಯಶಾಸ್ತ್ರದ ಮೇಲೆ ಜಗಳ ತೆಗೆದಿರಲಿಲ್ಲ. ಈ ನೆಲ ಯಾರದು, ಇಲ್ಲಿ ಏನು ಬೆಳೀಬೇಕು ಅಂತ ಹೇಳೋರು ಯಾರು ಅಂತ ಕೇಳಿದ್ದರು. ಮೇವಿನ ಮರದ ಪ್ರಶ್ನೆ ಇವತ್ತಿಗೂ ಅದೇ.

ಈಗ ನಿಮ್ಮ ಮಾತಿಗೆ ಬರ್ತೀನಿ. ನೀವು ಅಂದರೆ ವೈಟ್‌ಫೀಲ್ಡಿನಲ್ಲೋ ಹೈಟೆಕ್ ಸಿಟಿಯಲ್ಲೋ ಕೂತು ಇದನ್ನು ಓದ್ತಿರೋರು. ನಿಮ್ಮಲ್ಲಿ ಕೆಲವರಿಗೆ ಸಿಎಸ್‌ಆರ್ ಕಮಿಟಿಯಲ್ಲಿ ಒಂದು ಕುರ್ಚಿ ಇದೆ. ಕೆಲವರು ವಾರಾಂತ್ಯಕ್ಕೆ ಗಿಡ ನೆಡೋಕೆ ಬಸ್ಸಿನಲ್ಲಿ ಹೋಗ್ತೀರಿ. ಕೆಲವರ ಅಪ್ಪ ಅಮ್ಮ ಇನ್ನೂ ಊರಲ್ಲಿ ಹಸು ಕಟ್ಟಿದ್ದಾರೆ. ಬಾಟಲಿಯೊಳಗಿನ ಹಸಿರು ಚಿಗುರು ನೋಡಿದರೆ ನಿಮಗೆ ಖುಷಿ ಆಗೋದು ಸಹಜ. ಅದು ಸ್ವಚ್ಛ, ಎಣಿಸೋಕೆ ಬರುತ್ತೆ, ಫೋಟೋಗೆ ಚಂದ, ವಾರ್ಷಿಕ ವರದಿಯಲ್ಲಿ ಒಂದು ಸಾಲು ತುಂಬುತ್ತೆ. ಗಾಯರಾಣದ ಸರ್ವೆ ನಂಬರು ಹುಡುಕೋದು, ಪಂಚಾಯಿತಿ ಸಭೆಯಲ್ಲಿ ಕೂರೋದು, ಆಡು ಕಾಯೋ ಹುಡುಗನಿಗೆ ಎರಡು ವರ್ಷ ಕೂಲಿ ಕೊಡೋದು ಇದ್ಯಾವುದೂ ಫೋಟೋಗೆ ಬರೋದಿಲ್ಲ. ಆದರೆ ಗಿಡ ಬದುಕೋದು ಇವುಗಳಿಂದ.

ಮುಂದಿನ ಸಲ ಇಂಥ ಪಿಪಿಟಿ ಬಂದಾಗ ಮೂರು ಪ್ರಶ್ನೆ ಕೇಳಿ. ಬೀಜದಿಂದ ಅಥವಾ ಕಸಿಯಿಂದ ಆಗದ್ದು ಈ ಗಿಡದಲ್ಲಿ ಏನಿದೆ? ಎಷ್ಟು ತಾಯಿಮರಗಳಿಂದ ಬಂದಿದೆ, ಒಂದರಿಂದಲೋ ಐವತ್ತರಿಂದಲೋ? ಯಾವ ಸರ್ವೆ ನಂಬರಿನಲ್ಲಿ ನೆಡ್ತೀರಿ, ಎರಡು ಬೇಸಿಗೆ ಯಾರು ಕಾಯ್ತಾರೆ, ಕೊಯ್ದ ಸೊಪ್ಪು ಯಾರ ಕೊಟ್ಟಿಗೆಗೆ ಹೋಗುತ್ತೆ? ಮೂರಕ್ಕೂ ಉತ್ತರ ಇದ್ದರೆ ದುಡ್ಡು ಕೊಡಿ, ಲ್ಯಾಬೇ ಆಗಲಿ. ಮೊದಲನೆಯದಕ್ಕೇ ತಡವರಿಸಿದರೆ ಟೀ ಕುಡಿಸಿ ಕಳಿಸಿ.

ಹೇಳ್ತೀನಿ ಅಂದಿದ್ದ ಆರನೇ ಸ್ಲೈಡು ಇದು: ಒಂದು ಊರು, ಅಳೆದು ಕಲ್ಲು ನೆಟ್ಟ ಹತ್ತು ಎಕರೆ ಗಾಯರಾಣ, ಸುತ್ತ ಕಂದಕ ಮತ್ತು ಮುಳ್ಳುಬೇಲಿ, ಒಳಗೆ ಸುಬಾಬುಲ್, ಚೊಗಚೆ, ಗ್ಲಿರಿಸಿಡಿಯಾ, ಬನ್ನಿ, ಬಾಗೆ ಬೆರೆಸಿ ಹಾಕಿದ ಬೀಜ, ನಡುವೆ ಹುಲ್ಲು, ಕಾಯೋಕೆ ಊರಿನದೇ ಇಬ್ಬರು, ಸೊಪ್ಪಿನಲ್ಲಿ ಮೊದಲ ಪಾಲು ಜಮೀನಿಲ್ಲದವರಿಗೆ. ಸುಬಾಬುಲ್ ಕಾಯಿ ಬಲಿಯೋ ಮೊದಲೇ ಕೊಯ್ದು ತಿನ್ನಿಸೋ ಕಟ್ಟುಪಾಡು. ಇದಕ್ಕೆ ಬೇಕಾದ ತಂತ್ರಜ್ಞಾನ ಎಲ್ಲ ಊರಲ್ಲೂ ಇದೆ. ಇಲ್ಲದ್ದು ಅಳತೆಯ ಸರಪಳಿ ಹಿಡಿದು ಬರೋ ಸರ್ವೆಯರು ಮತ್ತು ಅವನ ಬೆನ್ನಿಗೆ ನಿಲ್ಲೋ ತಹಶೀಲ್ದಾರರು. ಅವರನ್ನು ಕರೆಸೋ ಅರ್ಜಿಗೆ ಸಹಿ ಹಾಕಿಸೋ ಕೆಲಸಕ್ಕೆ ನಿಮ್ಮ ಇಂಗ್ಲಿಷು, ನಿಮ್ಮ ಆರ್‌ಟಿಐ, ನಿಮ್ಮ ಪರಿಚಯಸ್ಥರು ಒದಗಬಹುದು. ಮಿರಗದ ಮಳೆ ಬೀಳೋ ಮೊದಲು ಆ ಅರ್ಜಿ ಹೋಗಿರಬೇಕು. ಮಳೆ ಯಾರ ಪಿಪಿಟಿಗೂ ಕಾಯೋದಿಲ್ಲ.